ಎರಡು ಮನೆಗೆ ಒಬ್ಬರೇ ಆಯಾ: ಸಂಬಳ ನಿಗದಿ ಮಾಡುವ ಬಗೆ

ಹಾಸನದ ವಿದ್ಯಾನಗರ, ಕುವೆಂಪುನಗರದಂಥ ಬಡಾವಣೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳು ಅಕ್ಕಪಕ್ಕದಲ್ಲೇ ಸಿಗುವುದರಿಂದ, ಎರಡು ಮನೆಯ ಮಕ್ಕಳನ್ನು ಒಬ್ಬರೇ ಆಯಾ ಒಂದು ಮನೆಯಲ್ಲಿ ನೋಡಿಕೊಳ್ಳುವ ಏರ್ಪಾಡು ಕಷ್ಟದ್ದಲ್ಲ. ತೊಡಕು ಬರುವುದು ಸಂಬಳದಲ್ಲಿ. ಒಂದು ಮಗುವಿನ ಸಂಬಳವನ್ನೇ ಎರಡು ಮನೆಯವರು ಅರ್ಧರ್ಧ ಹಂಚಿಕೊಂಡರೆ ಆಯಾಗೆ ಕೆಲಸ ಹೆಚ್ಚಿ ಹಣ ಅಷ್ಟೇ ಉಳಿಯುತ್ತದೆ. ಅಂಥವರು ಕಾಫಿ ಕೊಯ್ಲು ಶುರುವಾಗುತ್ತಿದ್ದಂತೆ ತೋಟದ ಕೂಲಿಗೆ ಹೊರಟರೆ ಅವರನ್ನು ದೂರುವಂತಿಲ್ಲ.

ಮೊದಲು ಒಂದು ಮಗುವಿಗೆ ನಿಮ್ಮ ಬಡಾವಣೆಯಲ್ಲಿ ನಡೆಯುತ್ತಿರುವ ಸಂಬಳವನ್ನು ನಾಲ್ಕಾರು ಮನೆಗಳಲ್ಲಿ ವಿಚಾರಿಸಿ. ಮನೆಗೆಲಸಕ್ಕೆ ಕರ್ನಾಟಕ ಸರ್ಕಾರ 2004ರಲ್ಲೇ ಕನಿಷ್ಠ ವೇತನ ಗೊತ್ತುಪಡಿಸಿದ್ದು, ತುಟ್ಟಿಭತ್ಯೆ ಸೇರಿ ಆ ದರ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಈಗಿನ ದರವನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿಯಬಹುದು. ಅದಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂಬುದಷ್ಟೇ ಅದರ ಅರ್ಥ, ಅಷ್ಟು ಕೊಟ್ಟರೆ ಸಾಕೆಂದಲ್ಲ.

ಎರಡು ಮಕ್ಕಳಾದಾಗ ಒಂದು ಮಗುವಿನ ದರದ ಒಂದೂವರೆ ಪಟ್ಟು ನ್ಯಾಯವೆಂದು ನನ್ನ ಅಭಿಪ್ರಾಯ. ಲೆಕ್ಕಕ್ಕೆಂದು ಒಂದು ಮಗುವಿಗೆ ಗಂಟೆಗೆ 50 ರೂಪಾಯಿ, ದಿನಕ್ಕೆ 9 ಗಂಟೆ, ತಿಂಗಳಿಗೆ 26 ದಿನ ಎಂದಿಟ್ಟುಕೊಂಡರೆ 11,700 ರೂಪಾಯಿಯಾಗುತ್ತದೆ. ಇಬ್ಬರು ಮಕ್ಕಳೂ ಇಡೀ ದಿನ ಇದ್ದರೆ ಒಟ್ಟು 17,550, ಮನೆಯೊಂದಕ್ಕೆ 8,775. ಆದರೆ ಒಂದು ಮಗು ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೂ ಇದ್ದು, ಇನ್ನೊಂದು ಎಲ್‌ಕೆಜಿ ಮುಗಿಸಿ ಮಧ್ಯಾಹ್ನ ಒಂದಕ್ಕೆ ಬರುವುದಾದರೆ ಸಮಪಾಲು ಸರಿಹೋಗುವುದಿಲ್ಲ. ಆಗ ಮೊದಲ ನಾಲ್ಕು ಗಂಟೆಯ 50 ರೂಪಾಯಿಯನ್ನು ಪೂರ್ತಿ ಮೊದಲ ಮನೆಯವರೇ ಕೊಟ್ಟು, ಉಳಿದ ಐದು ಗಂಟೆಯ 75 ರೂಪಾಯಿಯನ್ನು ಇಬ್ಬರೂ ಹಂಚಿಕೊಳ್ಳಬೇಕು. ತಿಂಗಳಿಗೆ ಮೊದಲ ಮನೆಗೆ 10,075, ಎರಡನೆಯದಕ್ಕೆ 4,875, ಆಯಾಗೆ 14,950 ರೂಪಾಯಿ ಬೀಳುತ್ತದೆ. ಇಬ್ಬರಲ್ಲಿ ಒಂದು ಇನ್ನೂ ಕೂಸಾಗಿದ್ದರೆ ಒಂದೂವರೆ ಪಟ್ಟೂ ಕಡಿಮೆಯೇ, ಏಕೆಂದರೆ ರಾಗಿ ಸರಿ ಕಾಯಿಸಿ ತಿನ್ನಿಸುವ ಹೊತ್ತಿಗೇ ದೊಡ್ಡ ಮಗು ಬಾಗಿಲು ತೆಗೆದುಕೊಂಡು ಬೀದಿಗೆ ಇಳಿದಿರುತ್ತದೆ.

ಒಂದು ಮಗು ಜ್ವರವೆಂದೋ ಅಜ್ಜಿಯ ಊರೆಂದೋ ಬಾರದ ದಿನ ಸಂಬಳ ಕಡಿತವಾಗಬಾರದು. ಆಯಾ ಬಂದಿದ್ದಾರೆ, ದಿನ ಕಳೆದಿದ್ದಾರೆ. ವಾರದ ರಜೆ, ಹಬ್ಬದ ರಜೆ, ವರ್ಷಕ್ಕೆ ಇಷ್ಟು ದಿನ ಸಂಬಳಸಹಿತ ರಜೆ ಎಂಬುದನ್ನೂ, ಸಂಜೆ ತಡವಾದರೆ ಗಂಟೆಗೆ ಎಷ್ಟು ಹೆಚ್ಚು, ಅದನ್ನು ತಡ ಮಾಡಿದ ಮನೆಯವರೇ ಕೊಡುತ್ತಾರೆ ಎಂಬುದನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಆಯಾಗೆ ಓದಿ ಹೇಳಿ, ಮೂವರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಎರಡು ಮನೆಯ ಹಣವೂ ಒಂದೇ ತಾರೀಖಿಗೆ ಅವರ ಬ್ಯಾಂಕ್ ಖಾತೆಗೆ ಹೋಗಲಿ. ಆ ಖಾತೆಯಿಂದಲೇ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಿಸಿ, ಕಂತನ್ನು ನೀವೇ ಭರಿಸಿದರೆ ಒಳ್ಳೆಯದು.

ಮಕ್ಕಳನ್ನು ಯಾರ ಮನೆಯಲ್ಲಿ ಬಿಡುತ್ತೀರೋ ಆ ಮನೆಯ ಹಾಲು, ಗ್ಯಾಸ್, ಆಯಾಳ ಊಟದ ಖರ್ಚಿನಲ್ಲಿ ಇನ್ನೊಂದು ಮನೆಯವರು ಪಾಲು ಕೊಡಬೇಕು. ಇದನ್ನು ಸಂಬಳದ ಲೆಕ್ಕದೊಳಗೆ ತರಬೇಡಿ. ಕೆಲಸದ ಗಡಿಯ ಬಗ್ಗೆಯೂ ಎಚ್ಚರವಿರಲಿ. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಮನೆ ತುಂಬ ನೆಂಟರಿರುತ್ತಾರೆ, ಮಗು ನೋಡಿಕೊಳ್ಳಲು ಬಂದವರು ಯಾರೂ ಹೇಳದೆಯೇ ಪಾತ್ರೆ ತೊಳೆಯುತ್ತ ನಿಂತಿರುತ್ತಾರೆ. ಅದು ಬೇರೆ ಕೆಲಸ, ಅದಕ್ಕೆ ಬೇರೆ ಹಣ. ಆಲೂರು, ಬೇಲೂರು ಕಡೆಯಿಂದ ಸರ್ಕಾರಿ ಬಸ್ಸಿನಲ್ಲಿ ಬರುವವರಿಗೆ ಶಕ್ತಿ ಯೋಜನೆಯಿಂದ ಟಿಕೆಟ್ ಉಳಿಯುತ್ತದೆ ಎಂದು ಸಂಬಳ ಇಳಿಸುವುದೂ ತರವಲ್ಲ.

ಒಂದು ಮನೆಯವರಿಗೆ ವರ್ಗವಾದರೆ ಏನೆಂಬುದು ಆ ಹಾಳೆಯಲ್ಲೇ ಇರಬೇಕು. ಬಿಡುವವರು ಒಂದು ತಿಂಗಳು ಮೊದಲೇ ತಿಳಿಸಬೇಕು, ಇಲ್ಲವೇ ಆ ತಿಂಗಳ ತಮ್ಮ ಪಾಲನ್ನು ಕೊಟ್ಟು ಹೋಗಬೇಕು. ಉಳಿದ ಮನೆಯವರು ಬೇರೆ ಜೊತೆ ಸಿಗುವವರೆಗೆ ಒಂದು ಮಗುವಿನ ಪೂರ್ಣ ದರವನ್ನು, ಎಂದರೆ ಮೇಲಿನ ಲೆಕ್ಕದಲ್ಲಿ 11,700 ರೂಪಾಯಿಯನ್ನು, ಕೊಡುತ್ತಾ ಹೋಗಬೇಕು.