ತಾರೀಖಿಲ್ಲದ ಡಬ್ಬಗಳಿಂದ ಒಂದು ಕ್ಲಬ್ಬಿನ ಚರಿತ್ರೆ

ನಮ್ಮ ಮನೆ ಇರುವುದು ಸಿಡ್ನಿಯ ಪಶ್ಚಿಮಕ್ಕೆ, ಪ್ಯಾರಮ್ಯಾಟಾ ಹತ್ತಿರ. ಈ ಕಡೆ ಕನ್ನಡದವರು ಸಾಕಷ್ಟು ಜನ ಇದ್ದೇವೆ. ಮಕ್ಕಳನ್ನು ಕ್ರಿಕೆಟ್‌ಗೋ ಸಾಕರ್‌ಗೋ ಸೇರಿಸುವುದೇ ಹೆಚ್ಚು. ನನ್ನ ಮಗ ಶಾಲೆಯ ಗೆಳೆಯರ ಜೊತೆ ಹೋಗಿ ರಗ್ಬಿ ಲೀಗ್ ಆಡುವ ಕ್ಲಬ್ ಸೇರಿದ. ಮೊದಲ ಸಲ ಆ ಆಟ ನೋಡಿದಾಗ ನನಗೆ ನೆನಪಾಗಿದ್ದು ಊರಿನ ಕಬಡ್ಡಿ. ಬಾಲ್ ಹಿಡಿದು ಎದುರಾಳಿಗಳ ಗುಂಪಿಗೇ ನುಗ್ಗಬೇಕು. ಅವರು ಹಿಡಿದು ಕೆಡವುತ್ತಾರೆ. ಆರು ಸಲ ಕೆಡವಿಸಿಕೊಂಡರೆ ಬಾಲ್ ಆ ಕಡೆಯವರಿಗೆ.

ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಒಂದು ಚಿಕ್ಕ ಚರಿತ್ರೆ ಪುಸ್ತಕ ಬೇಕು ಅಂದರು. ನಾನು ಲೆಕ್ಕಪತ್ರದ ಕೆಲಸದವಳು, ಒಪ್ಪಿಕೊಂಡೆ. ಕ್ಯಾಂಟೀನ್ ಪಕ್ಕದ ಕೋಣೆಯಿಂದ ಎರಡು ರಟ್ಟಿನ ಡಬ್ಬ ತಂದುಕೊಟ್ಟರು. ಹಳೆಯ ನಡಾವಳಿ ಪುಸ್ತಕಗಳು ಅದರಲ್ಲಿ ಇರಲಿಲ್ಲ. ಯಾವಾಗಲೋ ಕೋಣೆ ಖಾಲಿ ಮಾಡುವಾಗ ಎಸೆದುಬಿಟ್ಟಿದ್ದರಂತೆ. ಅದನ್ನು ಕೇಳಿ ನನಗೆ ನಿಜವಾಗಿಯೂ ಸಂಕಟವಾಯಿತು. ಉಳಿದಿದ್ದು ಫೋಟೋಗಳು, ಸ್ಕೋರ್ ಹಾಳೆಗಳು, ಕ್ಯಾಂಟೀನ್ ನಗದು ಪುಸ್ತಕಗಳು, ಒಂದಿಷ್ಟು ಪತ್ರ. ಮುಕ್ಕಾಲು ಪಾಲಿಗೆ ತಾರೀಖೇ ಇಲ್ಲ.

ತಾರೀಖು ಹುಡುಕುವುದೇ ಮೊದಲ ಕೆಲಸವಾಯಿತು. ಅದಕ್ಕೆ ಆಟದ ನಿಯಮಗಳೇ ದಾರಿ ತೋರಿಸಿದವು. ಎದುರಾಳಿಗಳ ಕೊನೆಯ ಗೆರೆ ದಾಟಿ ಬಾಲನ್ನು ನೆಲಕ್ಕೆ ಒತ್ತಿದರೆ ಅದು 'ಟ್ರೈ'. ಟ್ರೈಗೆ ಈಗ ನಾಲ್ಕು ಪಾಯಿಂಟ್, ಆದರೆ ಅದು ಬಂದಿದ್ದು 1983ರಲ್ಲಿ. ಅದಕ್ಕೂ ಮೊದಲು ಮೂರೇ. ಒಂದು ಹಾಳೆಯಲ್ಲಿ ನಾಲ್ಕು ಟ್ರೈ, ಎರಡು ಗೋಲ್, ಒಟ್ಟು 16 ಅಂತ ಇತ್ತು. ಗೋಲಿಗೆ ಎರಡರಂತೆ ನಾಲ್ಕು ಕಳೆದರೆ ಉಳಿಯುವುದು 12. ಅಂದರೆ ಟ್ರೈಗೆ ಮೂರು ಪಾಯಿಂಟ್. ಹಾಗಾಗಿ ಆ ಹಾಳೆ 1983ಕ್ಕಿಂತ ಹಿಂದಿನದು! ಆ ರಾತ್ರಿ ಅಡಿಗೆಮನೆಯ ಮೇಜಿನ ಮೇಲೆ ಇದನ್ನು ಕೂಡಿ ಕಳೆದು ನೋಡಿದಾಗ ಆದ ಖುಷಿ ಅಷ್ಟಿಷ್ಟಲ್ಲ. ಆರು ಟ್ಯಾಕಲ್, ಅಂದರೆ ಆರು ಸಲ ಕೆಡವುವ ನಿಯಮ ಬಂದಿದ್ದು 1971ರಲ್ಲಿ, ಅದಕ್ಕೂ ಮುಂಚೆ 1967ರಿಂದ ನಾಲ್ಕು ಇತ್ತು. ಕೋಚ್ ಒಬ್ಬರ ಟಿಪ್ಪಣಿಯಲ್ಲಿ 'ನಾಲ್ಕನೆಯದಕ್ಕೆ ಒದೆಯಿರಿ' ಅಂತ ಇದ್ದದ್ದು ಯಾವ ಕಾಲದ್ದು ಎಂದು ಹಾಗೆ ಗೊತ್ತಾಯಿತು.

ಲೆಕ್ಕದ ಪುಸ್ತಕಗಳು ಇನ್ನೂ ಸುಲಭ. ಆಸ್ಟ್ರೇಲಿಯಾ ಪೌಂಡ್, ಶಿಲಿಂಗ್ ಬಿಟ್ಟು ಡಾಲರ್‌ಗೆ ಬಂದಿದ್ದು 1966ರ ಫೆಬ್ರವರಿ 14ಕ್ಕೆ. ಒಂದು ನಗದು ಪುಸ್ತಕದಲ್ಲಿ ಪುಟದ ನಡುವೆಯೇ ಗೆರೆ ಎಳೆದು, ಶಿಲಿಂಗ್ ಮೊತ್ತವನ್ನು ಡಾಲರಿಗೆ ತಿರುಗಿಸಿದ್ದರು. ಎಷ್ಟು ಅಚ್ಚುಕಟ್ಟಾದ ಕೈಬರಹ ಅಂತೀರಿ! ಇನ್ನು ಪತ್ರದ ವಿಳಾಸದಲ್ಲಿ ನಾಲ್ಕಂಕಿಯ ಪೋಸ್ಟ್‌ಕೋಡ್ ಇದ್ದರೆ ಅದು 1967ಕ್ಕೆ ಮುಂಚಿನದಲ್ಲ.

ಇನ್ನೂ ಹಿಂದಿನದಕ್ಕೆ ಟ್ರೋವ್ ನೋಡಿದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಈ ತಾಣದಲ್ಲಿ ಹಳೆಯ ಪತ್ರಿಕೆಗಳನ್ನು ಪುಕ್ಕಟೆಯಾಗಿ ಓದಬಹುದು. ನಮ್ಮ ಕಡೆಯ 'ಕಂಬರ್‌ಲ್ಯಾಂಡ್ ಆರ್ಗಸ್' ಅದರಲ್ಲಿದೆ. ಕಾಪಿರೈಟ್ ಕಾರಣಕ್ಕೆ ಬಹುಪಾಲು ಪತ್ರಿಕೆಗಳು 1954ರ ಆಸುಪಾಸಿಗೆ ನಿಂತುಬಿಡುತ್ತವೆ. ಅಲ್ಲಿಂದ ಮುಂದಿನದಕ್ಕೆ ಮಕ್ವಾರಿ ಸ್ಟ್ರೀಟಿನ ಸ್ಟೇಟ್ ಲೈಬ್ರರಿಗೆ ಹೋಗಿ ಮೈಕ್ರೋಫಿಲ್ಮ್ ತಿರುಗಿಸಬೇಕು. ಕಣ್ಣು ಉರಿಯುತ್ತದೆ, ಆದರೂ ಬಿಟ್ಟು ಏಳಲು ಮನಸ್ಸಾಗುವುದಿಲ್ಲ.

ಓದುತ್ತಾ ಈ ಆಟದ ಹುಟ್ಟೂ ತಿಳಿಯಿತು. 1895ರ ಆಗಸ್ಟ್ 29ರಂದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರ ಭಾಗದ ಕ್ಲಬ್ಬುಗಳು ಸೇರಿ, ಆಗ ರಗ್ಬಿ ನಡೆಸುತ್ತಿದ್ದ ರಗ್ಬಿ ಯೂನಿಯನ್ ಸಂಘದಿಂದ ಹೊರಬಂದವು. ಶನಿವಾರ ಆಡಲು ಹೋದರೆ ಗಣಿ, ಗಿರಣಿ ಕೆಲಸಗಾರರಿಗೆ ಆ ದಿನದ ಕೂಲಿ ಇಲ್ಲ. ಅದನ್ನು ತುಂಬಿಕೊಡಿ ಅನ್ನುವುದೇ ಜಗಳ. ಸಿಡ್ನಿಯಲ್ಲಿ ಲೀಗ್ ಶುರುವಾಗಿದ್ದು 1908ರಲ್ಲಿ. ಪಶ್ಚಿಮದ ಕಂಬರ್‌ಲ್ಯಾಂಡ್ ತಂಡವೂ ಆ ವರ್ಷ ಆಡಿತು. ಗೆದ್ದಿದ್ದು ಒಂದೇ ಪಂದ್ಯ, ಮರುವರ್ಷ ತಂಡವೇ ಇಲ್ಲ. ಆಮೇಲೆ ಪ್ಯಾರಮ್ಯಾಟಾಕ್ಕೆ ಮೇಲಿನ ಲೀಗಿನಲ್ಲಿ ಜಾಗ ಸಿಕ್ಕಿದ್ದು 1947ರಲ್ಲಿ. ಆದರೆ ನಡುವಿನ ವರ್ಷಗಳಲ್ಲೂ ಈ ಕಡೆ ಆಟ ನಿಲ್ಲಲಿಲ್ಲ. ಆರ್ಗಸ್‌ನಲ್ಲಿ ಊರೂರಿನ ಪಂದ್ಯಗಳ ವರದಿ ಇದೆ.

ಅಲ್ಲೇ ನಮ್ಮ ಕ್ಲಬ್ಬಿನ ಹೆಸರೂ ಸಿಕ್ಕಿತು. ಅದೂ ಗೋಡೆಯ ಬೋರ್ಡಿನಲ್ಲಿ ಬರೆದಿರುವ ವರ್ಷಕ್ಕಿಂತ ಎರಡು ವರ್ಷ ಮುಂಚೆ! ಸಮಿತಿಯಲ್ಲಿ ಮಾತು ಜೋರಾಯಿತು. ಹುಡುಗರು ತಂಡ ಕಟ್ಟಿ ಆಡಿದ ದಿನವೇ ಹುಟ್ಟೋ, ಹೆಸರು ನೋಂದಾಯಿಸಿದ ದಿನವೋ? ನನ್ನ ಮಟ್ಟಿಗೆ ಆಡಿದ ದಿನವೇ. ಕೊನೆಗೆ ಪುಸ್ತಕದಲ್ಲಿ ಎರಡನ್ನೂ ಹಾಕಿದೆವು.

ನಾನು ಜಾಸ್ತಿ ಹೊತ್ತು ಕಳೆದಿದ್ದು ಕ್ಯಾಂಟೀನ್ ಪುಸ್ತಕಗಳ ಜೊತೆ. ಪೈ, ಸಾಸೇಜ್, ಮಧ್ಯಂತರಕ್ಕೆ ಕತ್ತರಿಸಿಕೊಡುವ ಕಿತ್ತಳೆ. ಆ ಚಿಲ್ಲರೆ ಕಾಸಿನಲ್ಲೇ ಜೆರ್ಸಿ ಬಂದಿದೆ, ಮೈದಾನಕ್ಕೆ ದೀಪ ಬಂದಿದೆ. ವಾರವಾರವೂ ಯಾರ ಪಾಳಿ ಅಂತ ಬರೆದಿದೆ. ಅದರ ಹೆಸರುಗಳನ್ನು ಓದಿದರೆ ಊರು ಬದಲಾದದ್ದೇ ಕಾಣುತ್ತದೆ: ಮೊದಲು ಬ್ರಿಟಿಷ್ ಮೂಲದವು, ಆಮೇಲೆ ಮಾಲ್ಟಾ, ಲೆಬನಾನ್ ಕಡೆಯವು, ಇತ್ತೀಚೆಗೆ ಸಮೋವಾ, ಟಾಂಗಾದವು. ಈಗ ನಮ್ಮಂಥ ಒಂದೆರಡು.

ಆದರೆ ಹಳೆಯ ಪಾಳಿ ಪಟ್ಟಿಯಲ್ಲಿ ಹೆಂಗಸರಿಗೆ ಸ್ವಂತ ಹೆಸರಿಲ್ಲ. ಬರೀ 'ಮಿಸೆಸ್', ಗಂಡನ ಇನಿಷಿಯಲ್, ಮನೆತನದ ಹೆಸರು. ಆಟಗಾರ ಹುಡುಗರ ಪೂರ್ತಿ ಹೆಸರಿದೆ, ಅವರ ಜೆರ್ಸಿ ಒಗೆದವರದ್ದಿಲ್ಲ. ಇದನ್ನು ಹಾಗೇ ಅಚ್ಚು ಮಾಡಲು ನನಗೆ ಮನಸ್ಸಾಗಲಿಲ್ಲ.

ಎಂಬತ್ತು ದಾಟಿದ ಒಬ್ಬ ಅಜ್ಜಿಯ ಮನೆಗೆ ಡಬ್ಬ ಹೊತ್ತುಕೊಂಡು ಹೋದೆ. ಪ್ರಶ್ನೆ ಕೇಳಿದಾಗ 'ನೆನಪಿಲ್ಲ' ಅಂದರು. ಫೋಟೋ ಕೈಗೆ ಕೊಟ್ಟ ಮೇಲೆ ಮಾತು ನಿಲ್ಲಲೇ ಇಲ್ಲ. ಅದಾದ ಮೇಲೆ ಎಲ್ಲರ ಹತ್ತಿರವೂ ಮೊದಲು ಫೋಟೋ ಇಟ್ಟು, ಸುಮ್ನೆ ಕೂತು, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಹೆಸರುಗಳನ್ನು ಫೋಟೋ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲೇ ಬರೆದೆವು. ಪೆನ್ನಿನ ಶಾಯಿ ವರ್ಷ ಕಳೆದಂತೆ ಮುಂದಕ್ಕೆ ಇಳಿಯುತ್ತದೆ.

ಪಟ್ಟಿಯಲ್ಲಿದ್ದ 15 'ಮಿಸೆಸ್'ಗಳಲ್ಲಿ 11 ಜನರ ಸ್ವಂತ ಹೆಸರು ಸಿಕ್ಕಿತು. ಉಳಿದ ನಾಲ್ವರಿಗೆ ಪುಸ್ತಕದಲ್ಲಿ ಖಾಲಿ ಗೆರೆ ಬಿಟ್ಟಿದ್ದೇವೆ. ಹೋದ ಶನಿವಾರ ಕ್ಯಾಂಟೀನ್‌ನಲ್ಲಿ ನನ್ನ ಪಾಳಿ ಇತ್ತು. ಕಿತ್ತಳೆ ಕತ್ತರಿಸುತ್ತಿದ್ದಾಗ ಒಬ್ಬರು ಬಂದು, 'ಅದರಲ್ಲಿ ಮೂರನೆಯವರು ನಮ್ಮ ದೊಡ್ಡಮ್ಮ ಇರಬೇಕು, ಅವರ ಮಗಳನ್ನು ಕೇಳಿ ಹೇಳುತ್ತೇನೆ' ಅಂದರು.