ಬಿಟ್ಟುಹೋದವರ ಬಗ್ಗೆ ಕೇಳಿದಾಗ ನಾನು ಏನು ಹೇಳುತ್ತೇನೆ

ಬೆಂಗಳೂರಿನ ಒಂದು ಕಂಪನಿಯಲ್ಲಿ ನಾನು ಎಚ್‌ಆರ್. ಕೆಲಸ ಬಿಟ್ಟುಹೋದವರ ಬಗ್ಗೆ ವಿಚಾರಿಸಿ, ಹೊಸ ಕಂಪನಿಯ ಪರವಾಗಿ ಅವರ ಹಿನ್ನೆಲೆ ಪರಿಶೀಲಿಸುವ ವೆರಿಫಿಕೇಶನ್ ಏಜೆನ್ಸಿಯವರು ಫೋನ್ ಮಾಡುತ್ತಲೇ ಇರುತ್ತಾರೆ.

ಹಳೇ ಕಂಪನಿಯವರು ಕೆಟ್ಟದ್ದು ಹೇಳಲೇಬಾರದು ಅಂತ ಕಾನೂನಿದೆ ಎಂದು ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ರೆಫರೆನ್ಸ್‌ಗೆಂದೇ, ಅಂದರೆ ಹಳೇ ಉದ್ಯೋಗಿಯ ಬಗ್ಗೆ ಹೀಗೆ ಕೇಳಿದಾಗ ಹೇಳುವ ಮಾತಿಗೆಂದೇ, ನಮ್ಮಲ್ಲಿ ಬೇರೆ ಕಾಯ್ದೆ ಇಲ್ಲ. ಅಡ್ಡ ಬರುವುದು ಮಾನಹಾನಿ ಕಾನೂನು. ಮೊದಲು ಐಪಿಸಿ 499 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಎರಡು ವರ್ಷದವರೆಗೆ ಜೈಲಿಗೂ ಅವಕಾಶವಿದೆ. ಆದರೆ ಇನ್ನೊಬ್ಬರ ಹಿತಕ್ಕಾಗಿ, ಸರಿಯಾಗಿ ವಿಚಾರಿಸಿ, ಪ್ರಾಮಾಣಿಕವಾಗಿ ಹೇಳಿದ ಮಾತಿಗೆ ಅದರಲ್ಲೇ ವಿನಾಯಿತಿ ಇದೆ.

ನನಗೆ ಇಷ್ಟವಾದದ್ದು ಆ ಸೆಕ್ಷನ್ನಿನ ಮೊದಲ ಉದಾಹರಣೆ. ‘ಅವನು ಪ್ರಾಮಾಣಿಕ, ಇವನ ವಾಚು ಕದ್ದೇ ಇಲ್ಲ’ ಎಂದು, ಕದ್ದಿದ್ದಾನೆ ಅಂತ ಅನ್ನಿಸುವ ಹಾಗೆ ಹೇಳಿದರೂ ಅದು ಮಾನಹಾನಿಯೇ! ‘ನಾನೇನೂ ಹೇಳಲ್ಲ, ನೀವೇ ಅರ್ಥ ಮಾಡ್ಕೊಳ್ಳಿ’ ಅನ್ನುವ ಮ್ಯಾನೇಜರ್‌ಗಳಿಗೆ ಇದನ್ನೇ ಓದಿ ಹೇಳುತ್ತೇನೆ.

ಹಾಗಾಗಿ ಫೋನಿನಲ್ಲಿ ಉತ್ತರ ಕೊಡುವುದಿಲ್ಲ. ಅಭ್ಯರ್ಥಿ ಸಹಿ ಹಾಕಿದ ಒಪ್ಪಿಗೆ ಪತ್ರ ಮೇಲ್‌ನಲ್ಲಿ ಬರಬೇಕು. ಹುದ್ದೆ, ಸೇರಿದ ದಿನ, ಬಿಟ್ಟ ದಿನ, ಫೈಲಿನಲ್ಲಿರುವ ಕಾರಣ, ಇಷ್ಟೇ ಬರೆಯುತ್ತೇನೆ. ಸಂಬಳ ನಾನಾಗಿ ಹೇಳುವುದಿಲ್ಲ, ಅವರು ಕೊಟ್ಟ ಅಂಕಿ ಸರಿಯೋ ತಪ್ಪೋ ಅಷ್ಟೇ. ‘ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ?’ ಅನ್ನುವ ಕಾಲಂ ಯಾರಿಗೂ ತುಂಬುವುದಿಲ್ಲ, ಅತ್ಯುತ್ತಮ ಕೆಲಸಗಾರರಿಗೂ. ಕೆಲವರಿಗೆ ಮಾತ್ರ ಖಾಲಿ ಬಿಟ್ಟರೆ ಆ ಖಾಲಿಯೇ ಚಾಡಿ ಹೇಳಿದ ಹಾಗೆ, ಅಲ್ವಾ?

ಜಾಸ್ತಿ ಜಗಳ ಆಗುವುದು ‘ಆಬ್‌ಸ್ಕಾಂಡಿಂಗ್’, ಅಂದರೆ ಹೇಳದೆ ಕೇಳದೆ ನಾಪತ್ತೆ ಆದವರು ಅಂತ ಬರೆಯುವ ವಿಷಯಕ್ಕೆ. ರಾಜೀನಾಮೆ ಮೇಲ್ ಕಳಿಸಿ, ನೋಟಿಸ್ ಪೀರಿಯಡ್ ಮುಗಿಸದೆ ಹೋದವರನ್ನೂ ಮ್ಯಾನೇಜರ್‌ಗಳು ಸಿಟ್ಟಿಗೆ ಹಾಗೆ ಬರೆಸಲು ನೋಡುತ್ತಾರೆ. ನಾನು ಒಪ್ಪುವುದಿಲ್ಲ. ‘ರಾಜೀನಾಮೆ ಕೊಟ್ಟಿದ್ದಾರೆ, ನೋಟಿಸ್ ಅವಧಿ ಪೂರ್ತಿ ಮಾಡಿಲ್ಲ’ ಎಂದು ಬರೆಯುತ್ತೇನೆ. ಅದು ನಿಜ, ದಾಖಲೆಯೂ ಇದೆ.

ನನಗೆ ಇನ್ನೂ ಸಮಾಧಾನ ಇಲ್ಲದ್ದು ಲೈಂಗಿಕ ಕಿರುಕುಳದ ದೂರುಗಳ ವಿಷಯ. 2013ರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ದೂರು, ವಿಚಾರಣೆಯ ವಿವರಗಳನ್ನು ಸಾರ್ವಜನಿಕರಿಗಾಗಲಿ ಮಾಧ್ಯಮಕ್ಕಾಗಲಿ ತಿಳಿಸುವಂತಿಲ್ಲ. ಹೊಸ ಕಂಪನಿಗೂ ಹೇಳಬೇಡಿ ಅನ್ನುತ್ತಾರೆ ನಮ್ಮ ವಕೀಲರು. ವಿಚಾರಣೆ ನಡೆಯುತ್ತಿರುವಾಗಲೇ ಒಬ್ಬರು ರಾಜೀನಾಮೆ ಕೊಟ್ಟು ಹೋದರೆ ಫೈಲಿನಲ್ಲಿ ಉಳಿಯುವ ಕಾರಣ ‘ಸ್ವಂತ ಕಾರಣ’. ನಾನೂ ಅದನ್ನೇ ಬರೆದು ಕಳಿಸುತ್ತೇನೆ.