ನಿಮ್ಮೂರಲ್ಲಿ ಈಗ ಎಷ್ಟು ಒಲೆ? ಲೆಕ್ಕ ಹಾಕೋದು ಹೀಗೆ

ಊರಿಗೆ ಹೋದಾಗಲೆಲ್ಲ ಒಂದೇ ಮಾತು, "ಊರು ಖಾಲಿ ಆಯ್ತು ಮಾರಾಯ". ಆದರೆ ಅದೇ ಊರಲ್ಲಿ ಹೊಸ ತಾರಸಿ ಮನೆಗಳೂ ಏಳುತ್ತಿರುತ್ತವೆ, ಅಲ್ವಾ? ಎರಡೂ ನಿಜವೇ ಇರಬಹುದು. ಒಂದೆರಡು ಭಾನುವಾರ ಬಿಡುವು ಮಾಡಿಕೊಂಡರೆ ನೀವೇ ಲೆಕ್ಕ ಹಾಕಿ ನೋಡಬಹುದು.

ಮೊದಲು 2001 ಮತ್ತು 2011ರ ಜನಗಣತಿಯ ಹಳ್ಳಿವಾರು ಪಟ್ಟಿ ತೆಗೆಯಿರಿ. ಜಿಲ್ಲಾ ಗಣತಿ ಕೈಪಿಡಿಯಲ್ಲಿ ಸಿಗುತ್ತದೆ. 2021ರದ್ದು ಹುಡುಕಬೇಡಿ, ಕೊರೊನಾ ಬಂದು ಆ ಗಣತಿ ನಡೆಯಲೇ ಇಲ್ಲ, ಮುಂದಿನದು 2027ರದ್ದು. ಇಲ್ಲಿ ನಾನೂ ಒಮ್ಮೆ ಎಡವಿದ್ದೇನೆ: ಪಟ್ಟಿಯಲ್ಲಿರುವುದು ಕಂದಾಯ ಗ್ರಾಮದ ಹೆಸರು, ನಾವು ಬಾಯಲ್ಲಿ ಊರು ಅನ್ನುವುದು ಅದರೊಳಗಿನ ಒಂದು ಮಜರೆ, ಅಂದರೆ ಸಣ್ಣ ಉಪಗ್ರಾಮ ಆಗಿರಬಹುದು. ಪಹಣಿಯಲ್ಲಿರುವ ಗ್ರಾಮದ ಹೆಸರು ಹಿಡಿದು ಹುಡುಕಿ. ಕೆಲವು ಹೆಸರಿನ ಎದುರು ಜನಸಂಖ್ಯೆ ಸೊನ್ನೆ ಇರುತ್ತದೆ. ಅದು ಅಚ್ಚಿನ ತಪ್ಪಲ್ಲ, ಬೇಚರಾಕ್ ಗ್ರಾಮ, ಅಂದರೆ ದಾಖಲೆಯಲ್ಲಿ ಹೆಸರಿದ್ದರೂ ಜನ ವಾಸವಿಲ್ಲದ ಗ್ರಾಮ. 2011ರಲ್ಲಿ ರಾಜ್ಯದ 29,340 ಗ್ರಾಮಗಳಲ್ಲಿ ಜನ ಇದ್ದದ್ದು 27,397ರಲ್ಲಿ.

ಈಗ ಜನಸಂಖ್ಯೆಯನ್ನು ಕುಟುಂಬಗಳ ಸಂಖ್ಯೆಯಿಂದ ಭಾಗಿಸಿ. ಗಣತಿಯವರಿಗೆ ಕುಟುಂಬ ಅಂದರೆ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು, ಹಾಗಾಗಿ ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದು ಒಲೆ ಬೇರೆ ಮಾಡಿಕೊಂಡರೂ ಅದು ಎರಡು ಕುಟುಂಬ. ಸುಮ್ನೆ ಒಂದು ಲೆಕ್ಕ: 2001ರಲ್ಲಿ 600 ಜನ, 120 ಕುಟುಂಬ, 2011ರಲ್ಲಿ 568 ಜನ, 142 ಕುಟುಂಬ ಅಂದುಕೊಳ್ಳಿ. ಮನೆಗೆ ಐದು ಜನ ಇದ್ದದ್ದು ನಾಲ್ಕಾಯಿತು. ಜನ ಕಡಿಮೆ, ಒಲೆ ಜಾಸ್ತಿ. ಆರು ವರ್ಷದೊಳಗಿನ ಮಕ್ಕಳ ಕಾಲಂ ಕೂಡ ನೋಡಿ, ಊರಿನ ಶಾಲೆಯ ಮುಂದಿನ ಕಥೆ ಅಲ್ಲೇ ಇದೆ. ಮತದಾರರ ಪಟ್ಟಿ ಮಾತ್ರ ನಂಬಬೇಡಿ, ಬೆಂಗಳೂರು ಸೇರಿ ಹತ್ತು ವರ್ಷವಾದ ಮಗನ ಹೆಸರು ಅದರಲ್ಲಿ ಇನ್ನೂ ಊರಲ್ಲೇ ಇರುತ್ತದೆ.

ಮನೆಗಳ ವಿಷಯಕ್ಕೆ ಕಾಗದ ಸಾಲದು, ಕೇರಿ ಸುತ್ತಬೇಕು. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ: ಜನ ಇರುವ ಮನೆ, ಹಬ್ಬಕ್ಕೆ ಮಾತ್ರ ತೆರೆಯುವ ಮನೆ, ಬಿದ್ದ ಮನೆ. ಬೀಗ ಕಂಡ ಕೂಡಲೇ ಖಾಲಿ ಅಂತ ಬರೆಯಬೇಡಿ. ಬಾಗಿಲ ಮೇಲಿನ ಮಾವಿನ ತೋರಣ ನೋಡಿ. ಎಲೆ ಸುರುಟಿಕೊಂಡು ಕಂದಾಗಿದ್ದರೂ ದಾರದಲ್ಲೇ ಇದ್ದರೆ ಯುಗಾದಿಗೋ ದೀಪಾವಳಿಗೋ ಯಾರೋ ಬಂದು ಹೋಗಿದ್ದಾರೆ. ಅಂಗಳ ಗುಡಿಸಿದ್ದರೆ ಕೀಲಿ ಪಕ್ಕದ ಮನೆಯ ಅಕ್ಕನ ಹತ್ತಿರ ಇರುತ್ತದೆ, ಉಳಿದದ್ದನ್ನು ಅವರೇ ಹೇಳುತ್ತಾರೆ. ನೀವು ಕೇಳದೇ ಇದ್ದದ್ದನ್ನೂ.

ಆದಾಯವೇ ಕಷ್ಟದ ಭಾಗ. ಯಾರೂ ಹೇಳುವುದಿಲ್ಲ, ಜನಗಣತಿಯಲ್ಲಿ ಕೇಳುವುದೂ ಇಲ್ಲ. 2011ರ ಸಾಮಾಜಿಕ ಆರ್ಥಿಕ ಸಮೀಕ್ಷೆಯಲ್ಲಿ ಕೇಳಿದ್ದು ಇಷ್ಟೇ: ಮನೆಯಲ್ಲಿ ಹೆಚ್ಚು ದುಡಿಯುವವರ ತಿಂಗಳ ಗಳಿಕೆ 5,000ಕ್ಕಿಂತ ಕಡಿಮೆಯೋ, 10,000ದೊಳಗೋ, ಅದಕ್ಕೂ ಜಾಸ್ತಿಯೋ. ಹಾಗಾಗಿ ಜಾಡು ಹಿಡಿಯಬೇಕು. ಗಣತಿಯಲ್ಲಿ ವರ್ಷಕ್ಕೆ ಆರು ತಿಂಗಳು ಮತ್ತು ಮೇಲೆ ಕೆಲಸ ಇದ್ದವರು ಮುಖ್ಯ ದುಡಿಮೆಗಾರರು, ಉಳಿದವರು ಅಲ್ಪಾವಧಿಯವರು. ಬೇಸಾಯಗಾರರು ಕಡಿಮೆಯಾಗಿ ಕೃಷಿ ಕೂಲಿಗಳು ಜಾಸ್ತಿಯಾಗಿದ್ದರೆ ಜಮೀನು ಕೈಬಿಟ್ಟಿರಬಹುದೇ ಅಂತ ಊರ ಹಿರಿಯರನ್ನು ವಿಚಾರಿಸಿ. ಬಿಪಿಎಲ್ ಕಾರ್ಡ್ ಎಣಿಸಿ ಬಡತನ ಅಳೆಯಲು ಹೋಗಬೇಡಿ, ಕಾರು ಇಟ್ಟುಕೊಂಡವರ ಮನೆಯಲ್ಲೂ ಆ ಕಾರ್ಡ್ ನೋಡಿದ್ದೇನೆ. ಅದಕ್ಕಿಂತ ಬೆಳಿಗ್ಗೆ ಡೈರಿ ಹತ್ತಿರ ನಿಂತು ಯಾರ್‍ಯಾರು ಹಾಲು ಹಾಕುತ್ತಾರೆ ನೋಡುವುದು ಒಳ್ಳೆಯದು.

ಕೊನೆಗೆ ದಿನದ ಕೂಲಿ ಕೇಳಿ. ಹೆಣ್ಣಾಳಿಗೆ ಎಷ್ಟು, ಗಂಡಾಳಿಗೆ ಎಷ್ಟು, ಐದು ವರ್ಷದ ಹಿಂದೆ ಎಷ್ಟಿತ್ತು. ಅದು ಊಟ ಸೇರಿಸಿಯೋ ಊಟ ಬಿಟ್ಟೋ ಅನ್ನುವುದನ್ನೂ ಬರೆದುಕೊಳ್ಳಿ.